ಮೆಮೊ ಬಂದವರ ಪಕ್ಕದ ಕುರ್ಚಿ

ಕಳ್ಳನಿಗೆ ವಕೀಲ ಸಿಗುತ್ತಾನೆ. ಪೊಲೀಸನಿಗೆ ನಾನು ಸಿಗುತ್ತಿದ್ದೆ. ಕೂಡ್ಲಿಗಿ ಸುತ್ತಿನ ಠಾಣೆಗಳಲ್ಲಿ ಕಾಗದಪತ್ರ ಬರೆಯುವ ಹೆಡ್ ಕಾನ್‌ಸ್ಟೆಬಲ್ ಆಗಿ ಸವೆದವನು ನಾನು. ಇಲಾಖಾ ವಿಚಾರಣೆಗೆ ಗುರಿಯಾದ ಪೇದೆ ತನ್ನ ಪರ ಮಾತಾಡಲು ಇನ್ನೊಬ್ಬ ನೌಕರನನ್ನು ಕರೆತರಬಹುದು. ತೊಂಬತ್ತರ ದಶಕದಲ್ಲಿ ಆ ಕೆಲಸ ಹೇಗೋ ನನ್ನ ಕೊರಳಿಗೆ ಬಿತ್ತು. ಒಂದು ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಇನ್ನೊಬ್ಬ ಆಪಾದನೆಯ ಮೆಮೊ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ.

ಪಾಟೀಸವಾಲು

ಗುಡೇಕೋಟೆ ಕಡೆಯ ಪೇದೆಯ ಮೇಲೆ ಹೆಸರಿಲ್ಲದ ಮೂಗರ್ಜಿ ಬಂತು: ಕಾನಹೊಸಹಳ್ಳಿಯ ಚಹಾದಂಗಡಿಯವನನ್ನು 'ಲೇ' ಅಂದು ಬೈದನಂತೆ. ಅಂಗಡಿಯವನೇ ಸಾಕ್ಷಿ. ಅವನು ಒಳಗೆ ಕಾಲಿಡುತ್ತಲೇ ವಿಚಾರಣಾಧಿಕಾರಿ, "ಲೇ, ನೆಟ್ಟಗ ನಿಂದ್ರು!" ಅಂದರು.

ನನ್ನ ಸರದಿ ಬಂದಾಗ ಕೇಳಿದೆ, "ಈ ಪೇದೆ ನಿಮ್ಮನ್ನ ಏನಂತ ಮಾತಾಡಿಸಿದ್ರು?"

"ಚಾ ಕೊಡಣ್ಣ ಅಂದ್ರು ರೀ."

"ಹಂಗಾದ್ರ ನಿಮಗ ಲೇ ಅಂದೋರು ಯಾರು?"

ಅವನು ಅಧಿಕಾರಿಯತ್ತ ಬೆರಳು ತೋರಿಸಿದ. "ಇವ್ರು ರೀ. ಈಗ, ಇಲ್ಲೇ."

"ಅದನ್ನ ಬರೀಬ್ಯಾಡ," ಅಂದರು ಅಧಿಕಾರಿ, ಗುಮಾಸ್ತನಿಗೆ.

"ಸಾಕ್ಷಿ ಹೇಳಿದ್ದೆಲ್ಲ ಬರ್ಕೋಬೇಕು ಸರ್, ನಿಯಮ ಐತಿ," ಅಂದೆ ನಾನು.

ಬರೆದುಕೊಂಡರು. ಪೇದೆ ಬಚಾವಾದ. ಮರುವಾರ ನನಗೊಂದು ಮೆಮೊ ಬಂತು.

ಸಸ್ಪೆಂಡ್

ಹರಪನಹಳ್ಳಿಯ ಪೇದೆಯೊಬ್ಬ ಎರಡು ತಿಂಗಳಿಂದ ಸಸ್ಪೆಂಡ್ ಆಗಿ ಮನೆಯಲ್ಲಿದ್ದ. ಮೇಲ್ಮನವಿ ಬರೆದುಕೊಂಡು ಹೋದೆ. ಅವನ ಹೆಂಡತಿ ನನ್ನನ್ನು ಕಟ್ಟೆಯ ಮೇಲೇ ತಡೆದಳು.

"ಅಣ್ಣಾರೆ, ಆ ಅರ್ಜೀನ ಒಂದೀಟು ನಿಧಾನಕ್ಕೆ ಕೊಡ್ರಿ."

"ಯಾಕಮ್ಮಾ?"

"ಮದುವೆಯಾಗಿ ಒಂಬತ್ತು ವರ್ಷಕ್ಕೆ ಈಗ ನಮ್ಮನೆಯೋರು ಹೊತ್ತಿಗೆ ಸರಿಯಾಗಿ ಉಣ್ಣಾಕೆ ಸಿಗ್ತಾರೆ."

ಒಳಗಿಂದ ಪೇದೆ ಕೂಗಿದ: "ಇವತ್ತೇ ಕೊಡ್ರಿ ಸರ್! ಕಾಯಿ ತುರಿದು ತುರಿದು ಕೈ ಸತ್ತೈತೆ!"

ಹೋಗದ ಊರು

ಕೊಟ್ಟೂರಿನ ಪೇದೆಯದು ಮಾತ್ರ ಈಗಲೂ ಮರೆತಿಲ್ಲ. ಹಡಗಲಿ ಕಡೆ ಬಂದೋಬಸ್ತ್ ಬಿಟ್ಟು ಓಡಿಹೋದ ಅಂತ ಆಪಾದನೆ. ಓಡಿದವನು ಅದೇ ಹೆಸರಿನ ಬೇರೊಬ್ಬ. ಇವನು ಹಡಗಲಿಯಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ಹಾಜರಿ ಪುಸ್ತಕದ ನಕಲು ಕೊಡಿ ಅಂತ ಕೇಳಿದೆವು. ಕೊಡಲಿಲ್ಲ. ಮತ್ತೆ ಕೇಳಿದೆವು. ಹೀಗೇ ಮೂರು ವರ್ಷ. ಬಡ್ತಿ ನಿಂತಿತು. ಇವನ ಕೈಯಲ್ಲಿ ಪರೇಡ್ ಕಲಿತ ಹುಡುಗರ ತೋಳಿಗೆ ಬಡ್ತಿಯ ಪಟ್ಟಿ ಬಂತು. ಅವರಿಗೇ ಇವನು ಸೆಲ್ಯೂಟ್ ಹೊಡೆದ.

ಒಂದು ದಿನ ವಿಚಾರಣೆಗೆಂದು ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಹೋಗುವಾಗ ಮೆಲ್ಲಗೆ ಕೇಳಿದ, "ಸರ್, ಸಾಕಾಗೈತಿ. ಬಿಟ್ಟು ಬಂದೋನು ನಾನೇ ಅಂತ ಒಪ್ಕೊಂಡ್ಬಿಡ್ಲ್ಯಾ?"

"ಹೋಗದ ಊರನ್ನ ಬಿಟ್ಟು ಹೆಂಗ ಬರ್ತೀಯಪಾ?" ಅಂದೆ.

ಕಡೆಗೂ ನಕಲು ಸಿಕ್ಕಿತು, ಆದೇಶವೂ ಬಂತು: ಸದರಿ ಪೇದೆಯು ಹಡಗಲಿ ಭಾಗದಲ್ಲಿ ಎಂದೂ ಕರ್ತವ್ಯ ನಿರ್ವಹಿಸಿಲ್ಲ, ಆಪಾದನೆ ಕೈಬಿಡಲಾಗಿದೆ. ಅವನ ಕಣ್ಣು ತುಂಬಿತು.

ಕೆಳಗೆ ಇನ್ನೊಂದು ಹಾಳೆಯಿತ್ತು. ಅದರಲ್ಲಿ: ಹಡಗಲಿ ಭಾಗದಲ್ಲಿ ಈವರೆಗೆ ಸೇವೆ ಸಲ್ಲಿಸಿಲ್ಲದ ಕಾರಣ, ಇವರನ್ನು ಕೂಡಲೇ ಅಲ್ಲಿಗೆ ವರ್ಗಾಯಿಸಲಾಗಿದೆ.

ಅವನು ಎರಡು ಸಲ ಓದಿ, ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

"ಹೋಗ್ತೀನ್ರಿ ಸರ್. ಶಿಕ್ಷೆ ಹೆಂಗೂ ಮುಗಿದೈತಿ, ಆ ತಪ್ಪೊಂದು ಮಾಡಿ ಬರ್ತೀನಿ."