ಕೈ ಮಡಿಯಲ್ಲಿಡಿ

ಎಣ್ಣೂರು ಶಾಖೆಗೆ ವರ್ಗವಾಗಲಿದೆ ಎಂದು ಕೇಳಿ ವಿಷ್ಣುತೀರ್ಥ ಬಿಟ್ಟ ನಿಟ್ಟುಸಿರಿಗೆ ಗಿಂಡಿಯ ಮೆಟ್ರೋ ಹಳಿಯ ಮೇಲೆ ಅಲುಗಾಡಿತು. ಅವನು ವಿಜಾಪುರ ಬಿಟ್ಟು ಚೆನ್ನೈಗೆ ಬಂದದ್ದೇ ಮೊನ್ನೆ. ಗಿಂಡಿಯ ವಿಮಾ ಕಚೇರಿಗೆ ಮನೆ ಎಷ್ಟು ಹತ್ತಿರವೆಂದರೆ, ಹೆಂಡತಿ ರಂಜನಿ ಒಗ್ಗರಣೆ ಹಾಕಿದರೆ ಇವನು ಫೈಲಿನ ಮುಂದೆ ಸೀನುತ್ತಿದ್ದ. ಮಧ್ಯಾಹ್ನ ಮನೆಗೆ ಹೋಗಿ ಉಂಡು ಒಂದು ನಿದ್ದೆ ತೆಗೆಯುವುದು ಅವನ ಬಾಳಿನ ಏಕೈಕ ಸಾಧನೆ. ಎಣ್ಣೂರು ಊರಿನ ಆ ತುದಿ. ಹೋದರೆ ನಿದ್ದೆಯೂ ಹೋದಂತೆ.

ಉಳಿಯಲು ಒಂದೇ ದಾರಿ. ರಕ್ತದೊತ್ತಡ ಏರಿದೆಯೆಂದು ಕಚೇರಿಯ ಡಾಕ್ಟರು ಹೇಳಬೇಕು.

ಆ ವಿದ್ಯೆ ಕಲಿಸಲು ಪಕ್ಕದ ಫ್ಲ್ಯಾಟಿನ ಗುರುಚರಣರಾಯರು ಕರೆಯದೆಯೇ ಬಂದರು. ರೈಲ್ವೆಯಿಂದ ನಿವೃತ್ತರಾದ, ಅಜ್ಜನ ಕಾಲದಿಂದ ಮದರಾಸಿನವರಾದ ರಾಯರ ಬಿ.ಪಿ. ಅಳೆದು ಅಳೆದು ಎಷ್ಟೋ ಯಂತ್ರಗಳು ಪ್ರಾಣಬಿಟ್ಟಿದ್ದವು.

"ರೊಂಬ ಸಿಂಪಲ್ ಕಣಪ್ಪಾ. ಕಾಲ್ ಮೇಲೆ ಕಾಲ್ ಹಾಕು, ಬೆನ್ನು ಒರಗಿಸ್ಬೇಡ, ಕೈ ಕೆಳಗೆ ಜೋತುಬಿಡು. ಒಂದಕ್ಕೆ ಬಂದ್ರೂ ಹೋಗ್ಬೇಡ, ಅಡಕ್ಕಿ ಇಟ್ಕೋ. ತಾನಾಗೇ ಏರತ್ತೆ."

"ಇದು ಖರೇ ಏನ್ರೀ ರಾಯರ?"

"ರಿಟೈರ್ ಆಗೋವರೆಗೂ ನನ್ನ ಕುರ್ಚಿ ಅಲ್ಲಾಡ್ಸಕ್ಕೆ ಯಾರ ಕೈಲೂ ಆಗ್ಲಿಲ್ಲ, ತೆರಿಯುಮಾ?"

ವಿಷ್ಣುತೀರ್ಥ ಒಂದು ಕೊಡ ನೀರು ಕುಡಿದು ಹೋಗಿ, ಕಚೇರಿಯ ಕ್ಲಿನಿಕ್ಕಿನಲ್ಲಿ ಕಾಲು ಹೆಣೆದು ಕುಳಿತ. ಹೊಟ್ಟೆಯೊಳಗೆ ಚೆಂಬರಂಬಾಕ್ಕಂ ಕೆರೆ ಕೋಡಿ ಬೀಳುವಂತಿತ್ತು.

ನರ್ಸು ಫೋನಿನಲ್ಲಿ ಗ್ಯಾಸಿನವನೊಂದಿಗೆ ಜಗಳವಾಡುತ್ತಲೇ ತೋಳಿಗೆ ಪಟ್ಟಿ ಸುತ್ತಿದಳು. ಜೋತುಬಿದ್ದ ಕೈ ನೋಡಿ, "ಸಾರ್, ಕೈಯೆ ಮಡಿಯಿಲ ವೈಂಗ," ಎಂದಳು.

ಕೈ ಮಡಿಯಲ್ಲಿಡಿ ಎಂದೇ ವಿಷ್ಣುತೀರ್ಥನಿಗೆ ಕೇಳಿಸಿತು. ತನ್ನ ಮನೆತನದ ಆಚಾರ ಈಕೆಗೆ ಹೇಗೆ ತಿಳಿಯಿತು? ಮಡಿಯ ಕೈ ಯಾವುದಕ್ಕೂ ಸೋಕಬಾರದು. ಅಜ್ಜಿ ಮಡಿಸೀರೆಯನ್ನು ಕೋಲಿನಿಂದ ಗಳದ ಮೇಲೇರಿಸುವಂತೆ ಕೈಯನ್ನು ನೆಟ್ಟಗೆ ಮೇಲೆತ್ತಿದ. ಫ್ಯಾನು ಅವನ ಬೆರಳಿಗೆ ಹೆದರಿ ನಿಧಾನವಾಯಿತು. ನರ್ಸು ಗುಂಡಿ ಒತ್ತಿ, ಕಿಟಕಿಯತ್ತ ತಿರುಗಿ ಜಗಳ ಮುಂದುವರಿಸಿದಳು.

ಯಂತ್ರ ತೋರಿಸಿದ್ದು ಹದಿನೆಂಟರ ಹುಡುಗನ ಒತ್ತಡ.

ಮೈಸೂರಿನಲ್ಲಿ ಓದಿದ ಡಾಕ್ಟರ್ ಮಾಧವಿ ಒಳಬಂದು, ಇಂಥ ಆರೋಗ್ಯಕ್ಕೆ ಎಣ್ಣೂರೇನು, ಅಂಡಮಾನಾದರೂ ಸರಿ ಎಂದರು. ಆಮೇಲೆ ಇನ್ನೂ ಮೇಲೆಯೇ ಇದ್ದ ಕೈಯನ್ನು ಕಂಡರು. ಅವನು ಮಡಿಯ ವಿಷಯ ವಿವರಿಸಿದ. ತಮಿಳಿನಲ್ಲಿ ಮಡಿ ಎಂದರೆ ಮಡಿಲು ಎಂದು ಅವರು ತಿಳಿಸಿದರು. ಕೈ ಎತ್ತಿದರೆ ಅಂಕಿ ಇಳಿಯುತ್ತದೆ, ಇಳಿಬಿಟ್ಟರೆ ಏರುತ್ತದೆ. ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು. ಮೊದಲು ಅವನನ್ನು ಶೌಚಾಲಯಕ್ಕೆ ಅಟ್ಟಿದರು. ಮರಳಿದ ಮೇಲೆ ಬೆನ್ನು ಒರಗಿಸಿ, ಹೆಣೆದ ಕಾಲು ಬಿಡಿಸಿ, ಸ್ವಲ್ಪ ಹೊತ್ತು ಬಾಯಿ ಮುಚ್ಚಿಸಿ ಕೂರಿಸಿದರು. ರಾಯರ ವಿದ್ಯೆಯಲ್ಲಿ ಒಂದೂ ಉಳಿಯಲಿಲ್ಲ. ವಿಷ್ಣುತೀರ್ಥ ಕಣ್ಣುಮುಚ್ಚಿ ಎಣ್ಣೂರಿಗೆ ಶರಣಾದ.

ಅಂಕಿ ಏರಿತ್ತು. ಇನ್ನೊಮ್ಮೆ ಅಳೆದರೂ ಏರಿತ್ತು. ಯಾವ ಕಸರತ್ತೂ ಇಲ್ಲದೆ, ಅಪ್ಪಟ, ಸ್ವಂತ ರಕ್ತದೊತ್ತಡ. ಕಾಯಿಲೆ ಬಂದದ್ದಕ್ಕೆ ಅಷ್ಟು ಹಿಗ್ಗಿದ ಮನುಷ್ಯನನ್ನು ಚೆನ್ನೈ ಹಿಂದೆಂದೂ ಕಂಡಿರಲಿಲ್ಲ.

ಡಾಕ್ಟರು ತಾವೇ ಮ್ಯಾನೇಜರಿಗೆ ಫೋನು ಮಾಡಿದರು.

"ಇವ್ರನ್ನ ಗಿಂಡಿ ಗದ್ದಲದಲ್ಲಿ ಇಡ್ಲೇಬೇಡಿ ಸಾರ್. ಜನ ಕಮ್ಮಿ ಇರೋ, ಕಡಲಗಾಳಿ ಬರೋ ಬ್ರಾಂಚ್ ಯಾವ್ದಾದ್ರೂ ಇದ್ಯಾ?"

ಇತ್ತು.

ಈಗ ವಿಷ್ಣುತೀರ್ಥ ಎಣ್ಣೂರಿನಲ್ಲಿದ್ದಾನೆ. ಸುತ್ತ ಉಪ್ಪುನೀರು, ಗಾಳಿಯಲ್ಲಿ ಉಪ್ಪು, ಕಿಟಕಿಯ ಸರಳು ನೆಕ್ಕಿದರೂ ಉಪ್ಪು. ಡಬ್ಬಿಯಲ್ಲಿ ಬರುವ ಸಾರಿನಲ್ಲಿ ಮಾತ್ರ ಇಲ್ಲ, ಡಾಕ್ಟರು ಬೇಡವೆಂದಿದ್ದಾರೆ.