ದೇವಿ ಹಾಕೋ ಮಾಸ್ತರನ ತೋಳು

ಊರಿಗೆಲ್ಲಾ ಧೈರ್ಯ ಹೇಳೋ ಕೆಲಸಕ್ಕ ನನ್ನಂಥ ಪುಕ್ಕಲನ್ನ ಹಚ್ಚಿದ್ರ ದಿನಾ ಒಂದು ನಗೆಪಾಟಲು ಆಗದ ಇನ್ನೇನಾಗತದ? 1970ರ ಆಸುಪಾಸು ಮುಂಬೈದಾಗ ಹೊಸ ಆರೋಗ್ಯ ಕಾರ್ಯಕರ್ತರಿಗೆ ಸಿಡುಬಿನ ಲಸಿಕೆ ಚುಚ್ಚೋದು, ನಮ್ಮ ಕಡೆ ಮಾತಿನ್ಯಾಗ ದೇವಿ ಹಾಕೋದು, ಕಲಿಸತಿದ್ದೆ. ಒಂದು ಗುಟ್ಟು ಮಾತ್ರ ಯಾರಿಗೂ ಹೇಳಿರಲಿಲ್ಲ. ಸೂಜಿ ಕಂಡ್ರ ನನಗ ಓಡಿ ಹೋಗಬೇಕು ಅನಸ್ತದ! ಸಣ್ಣವಿದ್ದಾಗ ಅಪ್ಪ ಹಿಡಕೊಂಡು ಹಾಕಿಸಿದ್ದೇ ಕೊನಿ. ಆಮ್ಯಾಲೆ ಮತ್ತ ಮತ್ತ ಹಾಕಿಸಬೇಕಿದ್ರೂ ‘ನಾಳೆ, ನಾಳೆ’ ಅಂತ ತಪ್ಪಿಸಿಕೊಂಡೇ ಬಂದಿದ್ದೆ.

ಕಿತ್ತಳೆಹಣ್ಣಿನ ಪಾಠ

ಎರಡು ಮೊನಿ ಸೂಜಿಯಿಂದ ಹದಿನೈದು ಸಲ ಬಡಬಡ ಚುಚ್ಚಬೇಕು. ಕಲಿಯೋರಿಗೆ ತೋಳು ಯಾರು ಕೊಡತಾರ? ಅದಕ್ಕ ಕಿತ್ತಳೆಹಣ್ಣಿನ ಮ್ಯಾಲೆ, ಬರೇ ನೀರಾಗ ಅದ್ದಿ ಚುಚ್ಚಸ್ತಿದ್ದೆ. ತಂಡದಾಗ ವಿಜಾಪುರ ಕಡೆಯ ಹೆಣ್ಣುಮಗಳೊಬ್ಬರಿದ್ರು. ಮನಿಮಾತು ದಖನಿ ಉರ್ದು, ಕನ್ನಡ ಖಡಕ್, ಎಲ್ಲಾರೂ ‘ಆಪಾ’, ಅಂದ್ರ ಅಕ್ಕ, ಅಂತಿದ್ವಿ.

“ಮಾಸ್ತರ್, ಹಣ್ಣು ಸುಮ್ಮನ ಕೂಡತೈತಿ. ಮನಷ್ಯಾ ಚೀರಿದ್ರ?” ಅಂತ ಆಪಾ ಕೇಳಿದ್ರು.

“ಚೀರಿದ್ರೂ ಎಣಿಕಿ ತಪ್ಪಬಾರದು” ಅಂದೆ.

ಅಷ್ಟರಾಗ ದೊಡ್ಡ ಡಾಕ್ಟರ್ ಬಂದು, “ಚುಚ್ಚಿದ್ದು ತೋರಸ್ರಿ” ಅಂದ್ರು. ಬುಟ್ಟಿಯೊಳಗ ನೋಡಿದ್ರ ಬರೇ ಸಿಪ್ಪಿ!

ಹಿಂದಿನ ಬೆಂಚಿನವ ಎದ್ದು ನಿಂತ. “ಸರ್, ಪೇಶಂಟ್ ಎಲ್ಲಾ ಭಾಳ ಸೀ ಇದ್ವು.”

ಫೋಟೋದ ಕೂಸು

ಸಿಡುಬೆದ್ದ ಕೂಸಿನ ಫೋಟೋ ಮನಿ ಮನಿಗೆ ತೋರಿಸಿ, ‘ಇಂಥಾ ಬ್ಯಾನಿ ಇಲ್ಲಿ ಯಾರಿಗರೆ ಐತೇನು?’ ಅಂತ ಕೇಳಬೇಕು. ಆ ಹಿಂದಿನ ಬೆಂಚಿನವನ್ನ ಜೋಗೇಶ್ವರಿಯ ಒಂದು ಚಾಳಿಗೆ, ಅಂದ್ರ ಸಾಲುಮನಿ ವಠಾರಕ್ಕ, ಕಳಿಸಿದೆ. ಅವ ಗಡಿಬಿಡಿಯೊಳಗ ಕೇಳೋದ ಮರತು, ಫೋಟೋ ಹಿಡಕೊಂಡು ಸುಮ್ಮನ ನಿಂತ.

ಬಾಗಲಾಗಿನ ಅಜ್ಜಿ ನೋಡಿ ಗದರಿದ್ಲು. “ಅಯ್ಯ ನಿನ್ನ! ಇಂಥಾ ಕೂಸನ್ನ ಮನ್ಯಾಗ ಬಿಟ್ಟು ಊರು ತಿರಗಾಕ ಹತ್ತೀಯಲ್ಲೋ, ಕರುಳು ಐತೇನು ನಿನಗ?”

“ಕೂಸು ನಂದಲ್ಲಜ್ಜಿ!”

“ಹೆತ್ತ ಅಪ್ಪನೇ ಹಿಂಗಂತಾನ, ನೋಡ್ರೆವಾ!” ಅಂತ ಅಜ್ಜಿ ಚಾಳೆಲ್ಲಾ ಕೂಡಿಸಿದ್ಲು.

ಪಾಪ, ಎಲ್ಲಾರ ಕಡೆ ಬೈಸಿಕೊಂಡು, ಕೂಸಿನ ಹಾಸಿಗಿಗಂತ ಅವರು ಕೊಟ್ಟ ಬೇವಿನ ಸೊಪ್ಪು ಹೊತಗೊಂಡು ಬಂದ. ಅವನಿಗಿನ್ನೂ ಮದುವಿನೇ ಆಗಿರಲಿಲ್ಲ.

ವಡಾಲದ ಡ್ರಮ್ಮು

ವಡಾಲದ ಒಂದು ಚಾಳಿನ್ಯಾಗ ಖರೇನೇ ಸಿಡುಬು ಎದ್ದಿತ್ತು. ರೋಗಿನ್ನ ದವಾಖಾನಿಗೆ ಒಯ್ದಿದ್ರು. ಸಂಜಿಯೊಳಗ ಚಾಳಿನ ಅಷ್ಟೂ ಮಂದಿಗೆ, ಒಳಗ ಕಾಲಿಟ್ಟ ನಮಗೂ ಸೈತ, ದೇವಿ ಹಾಕಬೇಕಂತ ಡಾಕ್ಟರ್ ಅಪ್ಪಣಿ. ಬಿಟ್ರ ಓಣಿ ಓಣಿಗೆ ಹಬ್ಬೋ ಬ್ಯಾನಿ ಅದು. ಚಾಳಿನವರು ನೋಡಿದ್ರ ಬಾಗಲಾ ಹಾಕ್ಕೊಂಡು ಕುಂತಿದ್ರು.

ಆಪಾ ಸೂಜಿ ಹಿಡದು ನನ್ನ ಕಡೆ ತಿರುಗಿದ್ರು. “ಮೊದಲ ನಿಮ್ಮ ತೋಳು, ಮಾಸ್ತರ್.”

“ನನಗ ಮೊನ್ನೆನ ಆಗೇದ.”

“ಮಾತು ನಂಬಬ್ಯಾಡ್ರಿ, ತೋಳಿನ್ಯಾಗ ಹೊಸಾ ಗುರುತು ನೋಡ್ರಿ ಅಂತ ಕಲಿಸಿದವ್ರು ನೀವ ಅಲ್ಲೇನ್ರಿ?”

“ಈಗ ಬಂದೆ” ಅಂತ ಹೇಳಿ ಓಡಿದವ, ನೀರಿನ ಡ್ರಮ್ಮಿನ ಹಿಂದ ಹೋಗಿ ಕುಂತೆ. ಅಲ್ಲಿ ಮೊದಲೇ ಚಾಳಿನ ಮೂವರು ಅಡಗಿದ್ರು. ಒಬ್ಬ ಸರಿದು ಜಾಗಾ ಮಾಡಿಕೊಟ್ಟ. “ಬರ್ರಿ ಸಾಹೇಬ್ರ, ಇಲ್ಲಿ ಯಾರಿಗೂ ಸಿಗಂಗಿಲ್ಲ.”

ಆದ್ರ ಮಂದಿ ಡ್ರಮ್ಮಿನ ಹಿಂದ ಅಡಗತಾರ, ಮೊದಲ ಅಲ್ಲೇ ಹುಡುಕ್ರಿ ಅಂತ ಕ್ಲಾಸಿನ್ಯಾಗ ಹೇಳಿದವನೂ ನಾನ! ಆಪಾ ಸೀದಾ ಬಂದು, ನನ್ನ ರಟ್ಟಿ ಹಿಡದು ಅಂಗಳದಾಗ ತಂದು ಕೂಡಿಸಿದ್ರು.

ಮಾಸ್ತರಗ ಚುಚ್ಚತಾರಂತ ಗೊತ್ತಾಗಿ ಒಂದೊಂದ ಬಾಗಲಾ ತೆರದು ಚಾಳೆಲ್ಲಾ ನೋಡಾಕ ಬಂತು. ನಾ ಒಂದಕ್ಕ “ಅಯ್ಯೋ” ಅಂದೆ, ಐದಕ್ಕ “ಯವ್ವಾ” ಅಂತ ಚೀರಿದೆ. ಆಪಾ ಎಣಿಕಿ ತಪ್ಪಲಿಲ್ಲ, ಹದಿನೈದೂ ಮುಗಿಸಿದ್ರು. ಮಂದಿ ಹೊಟ್ಟಿ ಹಿಡಕೊಂಡು ನಕ್ಕು, “ಇವರಕಿಂತ ನಾವ ಗಟ್ಟಿ ಇದ್ದೀವಿ, ಹಾಕ್ರಿ” ಅಂತ ತೋಳು ಏರಿಸಿ ಸಾಲು ಹಚ್ಚಿದ್ರು. ಸಂಜಿಯೊಳಗ ಒಬ್ಬರೂ ಉಳೀಲಿಲ್ಲ. ನನ್ನ ಮಾನ ಹೋದ್ರೂ ಜೀವಕ್ಕ ಹಾಯ್ ಅನಿಸ್ತು.

ಸಾಮಾನು ಕಟ್ಟೋ ಮುಂದ ಆಪಾ ಅಂದ್ರು, “ಮಾಸ್ತರ್, ನಾಳೆಯಿಂದ ಕ್ಲಾಸಿಗೆ ಕಿತ್ತಳೆಹಣ್ಣು ತರಬ್ಯಾಡ್ರಿ. ನೀವ ಬಂದು ಕೂಡ್ರಿ. ಹುಡುಗರಿಗೆ ಚೀರೋದು ಕೇಳಿ ರೂಢಿ ಆಗಲಿ.”