ಆಸಿಡ್ ಬಾಟಲಿಯಲ್ಲಿ ನನ್ನ ಪೌರುಷ

ನನಗೆ ಮೀಸೆ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬರಬಹುದು!

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಉರಿಗಾಮಿನಲ್ಲಿ ಚಿನ್ನದ ಗಣಿಯ ಸ್ಟೋರ್ ಕೀಪರ್ ಎಂದರೆ ಸಣ್ಣ ಮನುಷ್ಯನಲ್ಲ. ಮೊಳೆಯಿಂದ ಹಿಡಿದು ಬಂಡೆ ಸಿಡಿಸುವ ಮದ್ದಿನ ಪೆಟ್ಟಿಗೆಯವರೆಗೆ ಎಲ್ಲದರ ಬೀಗದ ಕೈ ನನ್ನ ಸೊಂಟದಲ್ಲಿ ಜಣಜಣ ಎನ್ನುತ್ತಿತ್ತು. ಅಂಥ ನನಗೆ ನಡುವಯಸ್ಸಿನಲ್ಲಿ ಮಂಗನಬಾವು ಬಂತು. ಬರಬೇಕಾದದ್ದು ಸ್ಕೂಲಿಗೆ ಹೋಗುವ ಮಕ್ಕಳಿಗೆ! ಗದ್ದ ಕುಂಬಳಕಾಯಿಯಾಯಿತು, ಆಮೇಲೆ ಇಳಿಯಿತು. ಇಳಿದದ್ದು ಎಲ್ಲಿಗೆ ಎಂಬುದನ್ನು ಮರ್ಯಾದಸ್ಥರ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

ಬಾವು ಹೋದಮೇಲೂ ನಾನು ನಾನಾಗಲಿಲ್ಲ. ಸ್ಟೋರಿನ ಮೆಟ್ಟಿಲು ಹತ್ತಿದರೆ ಏದುಸಿರು. ಯಾರಾದರೂ ಗದರಿದರೆ ಕಣ್ಣಲ್ಲಿ ನೀರು. ಕ್ಷೌರದವನು ಒಂದು ದಿನ ಕೆನ್ನೆ ಸವರಿ, “ಏನ್ ಸಾಮಿ, ಗಡ್ಡಾನೇ ಬೆಳೀತಾ ಇಲ್ವಲ್ಲ, ಸೋಪು ದಂಡ” ಅಂದ. ರಾತ್ರಿ ಉಂಡವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

“ಏನ್ರೀ, ನನ್ ಮ್ಯಾಲೆ ಕ್ವಾಪನಾ?” ಅಂತ ನನ್ನ ಹೆಂಡತಿ ನಾರಾಯಣಮ್ಮ ಕೇಳಿದಳು.

“ಸ್ಟೋರ್‌ನಾಗೆ ಕೆಲ್ಸ ಜಾಸ್ತಿ ಕಣೆ” ಅಂದೆ. ಗಂಡಸು ಮೂಲೆಗೆ ಸಿಕ್ಕಿಬಿದ್ದಾಗ ಅವನನ್ನು ಕಾಪಾಡುವುದು ಕೆಲಸ ಒಂದೇ!

ಗಣಿಯ ಆಸ್ಪತ್ರೆ ಮನೆಯಿಂದ ಕೂಗಳತೆಯಲ್ಲೇ ಇತ್ತು. ಆದರೆ ಅಲ್ಲಿ ಬಾಯಿ ಬಿಟ್ಟರೆ ಸಂಜೆಯೊಳಗೆ ಮಾತು ನಲ್ಲಿಯ ಹತ್ತಿರ ಇರುತ್ತದೆ, ಬೆಳಗಾದರೆ ಪಕ್ಕದ ಚಾಂಪಿಯನ್ ರೀಫ್ಸ್ ಗಣಿಯನ್ನೂ ದಾಟುತ್ತದೆ. ಆದ್ದರಿಂದ ಬಂಗಾರಪೇಟೆಯಲ್ಲಿ ಹೊಸದಾಗಿ ದವಾಖಾನೆ ಹಾಕಿದ್ದ ಒಬ್ಬ ಡಾಕ್ಟರರನ್ನು, ಎರಡು ಮೂರು ಸಲ ರಜೆ ಹಾಕಿ ಹೋಗಿ, ಗುಟ್ಟಾಗಿ ಹಿಡಿದೆ. ಮದ್ರಾಸಿನಲ್ಲಿ ಓದಿದವರು, ಗಂಟಲು ಮಾತ್ರ ತಮಟೆ.

“ಮಂಗನಬಾವು ಕೆಲವರಿಗೆ ಹೀಗೆ ಮಾಡುತ್ತೆ. ಗಂಡಸಿನ ಹಾರ್ಮೋನು ಕಡಿಮೆ ಆಗಿರಬಹುದು” ಎಂದರು.

“ಶ್! ಮೆಲ್ಲಗೆ, ಡಾಕ್ಟ್ರೇ! ಅದಕ್ಕೇನೋ ಸೂಜಿ ಐತಂತಲ್ಲ, ಚುಚ್ಚಿಬಿಡಿ.”

“ಇದು ಗೋಡೆ ಮೇಲೆ ಬರೆದಿರ್ತಾರಲ್ಲ, ಆ ಲೇಹ್ಯ ಅಲ್ಲ ಕಣ್ರೀ. ಕಡಿಮೆ ಇದೆ ಅಂತ ಗೊತ್ತಾಗದೆ ಚುಚ್ಚಿದರೆ ಇರೋದೂ ಹಾಳಾಗುತ್ತೆ. ಮೊದಲು ಪರೀಕ್ಷೆ. ಒಂದು ಹಗಲು, ಒಂದು ರಾತ್ರಿ ಹೋದ ಮೂತ್ರವನ್ನೆಲ್ಲ ಹಿಡಿದು ತನ್ನಿ, ಮದ್ರಾಸಿಗೆ ಕಳಿಸ್ತೀನಿ. ಒಂದು ಹನಿಯೂ ಹೊರಗೆ ಹೋಗಬಾರದು!”

ಹೀಗೆಂದು ಒಂದು ಬಾಟಲಿ ಕೊಟ್ಟು, ಕೆಡದಿರಲಿ ಎಂದು ಅದರ ತಳಕ್ಕೆ ಸ್ವಲ್ಪ ಆಸಿಡ್ ಹಾಕಿದರು. ಆ ಬಾಟಲಿಯನ್ನು ಮನೆಯಲ್ಲಿಟ್ಟು ನೋಡಿದೆ. ಚಿಕ್ಕದೆನಿಸಿತು! ನನ್ನನ್ನು ಈತ ಏನೆಂದು ತಿಳಿದಿದ್ದಾನೆ? ಪೌರುಷ ಕಡಿಮೆಯಿರಬಹುದು, ಇದಕ್ಕೂ ಬಡತನವೆ? ಸ್ಟೋರಿನಲ್ಲಿ ಆಸಿಡ್ ತುಂಬಿ ಬರುವ ದೊಡ್ಡ ಗಾಜಿನ ಬಾಟಲಿಗಳು ಖಾಲಿ ಬಿದ್ದಿದ್ದವು. ಒಂದನ್ನು ತಂದು, ತೊಳೆದು, ಡಾಕ್ಟರರ ಆಸಿಡ್ ಅದಕ್ಕೆ ಬಗ್ಗಿಸಿಕೊಂಡೆ. ಗಣಿಯ ಮೊಹರಿದ್ದ ಚೀಟಿ ಮಾತ್ರ ಎಷ್ಟು ಉಜ್ಜಿದರೂ ಹೋಗಲಿಲ್ಲ. ಇರಲಿ ಬಿಡು, ಅಂದವಾಗಿದೆ ಅಂದುಕೊಂಡೆ.

ಭಾನುವಾರ ಪೂರ್ತಿ ನಾನು ಟವಲಿನಡಿ ಬಾಟಲಿ ಮುಚ್ಚಿಕೊಂಡು ಬಚ್ಚಲಿಗೂ ಕೋಣೆಗೂ ಓಡಾಡಿದೆ. ಹೆಂಡತಿ ಕೇಳಿದ್ದಕ್ಕೆ “ಸ್ಟೋರಿನ ಸ್ಯಾಂಪಲ್ಲು, ಮುಟ್ಟಿದರೆ ಕೈ ಸುಟ್ಟೋಗುತ್ತೆ” ಅಂದೆ. ಅವಳು ಮುದ್ದೆ ತಿರುವಲು ಹೋದಳು.

ಸೋಮವಾರ ಸ್ಟೋರಿಗೆ ರಜೆ ಹಾಕಿ, ಮಾರಿಕುಪ್ಪಂ ಕಡೆಯಿಂದ ಬಂದ ರೈಲು ಹತ್ತಿ, ಬಾಟಲಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡೆ. ಎದುರಿಗೆ ಯಾರು? ನಮ್ಮ ಪಕ್ಕದ ಮನೆಯ ಪೆರುಮಾಳ್! ಗಣಿಯೊಳಗೆ ಬಂಡೆ ಕೊರೆಯುವವನು, ಹೊರಗೆ ಸುದ್ದಿ ಕೊರೆಯುವವನು.

“ಎನ್ನಣ್ಣೇ, ಮಗೂನ ಎತ್ಕೊಂಡಂಗೆ ಕೂತಿದೀಯ. ಏನದು?”

“ಕೊಬ್ಬರಿ ಎಣ್ಣೆ.”

ಅವನು ಬಗ್ಗಿ ನೋಡಿದ. ಕೊಬ್ಬರಿ ಎಣ್ಣೆ ಅಷ್ಟು ಹಳದಿಯಾಗಿ ಇರುವುದಿಲ್ಲ, ರೈಲು ಕುಲುಕಿದಾಗ ಹಾಗೆ ಗುಳುಗುಳು ಎನ್ನುವುದೂ ಇಲ್ಲ. ಅಷ್ಟರಲ್ಲಿ ರೈಲು ಧಡಕ್ಕನೆ ನಿಂತಿತು. ಮುಚ್ಚಳ ಅಲುಗಿತು. ನಾನು ಎದೆ ಒಡೆದವನಂತೆ ಕಿರುಚಿದೆ: “ಅಯ್ಯೋ! ಒಂದು ಹನೀನೂ ಓಗಬಾರ್ದು!”

ಡಬ್ಬಿಯವರೆಲ್ಲ ಕತ್ತು ತಿರುಗಿಸಿದರು. ಎಲ್ಲರ ಕಣ್ಣೂ ಬಾಟಲಿಯ ಮೇಲೆ.

ಇಲ್ಲಿ ಒಂದು ಮಾತು ಹೇಳಬೇಕು. ಕದ್ದ ಚಿನ್ನವನ್ನು ಆಸಿಡ್‌ನಲ್ಲಿ ಕರಗಿಸಿದರೆ ಹಳದಿ ನೀರಾಗುತ್ತದೆ, ಅದನ್ನು ಊರಾಚೆ ಸಾಗಿಸಿ ಮತ್ತೆ ಗಟ್ಟಿ ಮಾಡಿಕೊಳ್ಳುತ್ತಾರೆ ಎಂಬ ಕಥೆ ಆಗ ನಮ್ಮ ಕಡೆ ಮಕ್ಕಳಿಗೂ ಗೊತ್ತಿತ್ತು. ಗಣಿಯ ಸ್ಟೋರ್ ಕೀಪರ್, ಗಣಿಯ ಆಸಿಡ್ ಬಾಟಲಿ, ಹಳದಿ ನೀರು, ಒಂದು ಹನಿಗೂ ಗೋಳಾಟ! ಇನ್ನೇನು ಸಾಕ್ಷಿ ಬೇಕು? ಬಂಗಾರಪೇಟೆಯಲ್ಲಿ ನಾನು ಇಳಿಯುವ ಮೊದಲೇ ಯಾರೋ ಪುಣ್ಯಾತ್ಮ ಡಬ್ಬಿಯಿಂದ ಹಾರಿ ಹೋಗಿ ಪೊಲೀಸಿನವರ ಕಿವಿ ಊದಿದ್ದ.

ಪ್ಲಾಟ್‌ಫಾರ್ಮಿನಲ್ಲೇ ದಫೇದಾರ ಅಡ್ಡ ಬಂದ. ಮುಚ್ಚಳ ತೆಗೆದು ಮೂಸಿದ. ಆಸಿಡ್ ಘಾಟು ಮೂಗಿಗೆ ಹೊಡೆಯಿತು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಪ್ರಮೋಷನ್ನೇ ಬಾಟಲಿಯಲ್ಲಿ ತುಂಬಿ ಬಂದಹಾಗಿತ್ತು!

“ಎಷ್ಟ್ ತೊಲ ಐತ್ಲಾ ಇದ್ರಾಗೆ?”

“ಸಾರ್, ಇದು ಅದಲ್ಲ...”

“ಮತ್ತೇನು?”

ಹಿಂದೆ ಪೆರುಮಾಳ್ ಕತ್ತು ಉದ್ದ ಮಾಡಿ ನಿಂತಿದ್ದ. ನಾನು ಬಾಯಿ ಮುಚ್ಚಿಕೊಂಡೆ.

ಸ್ಟೇಷನ್ನಿಗೆ ಎಳೆದೊಯ್ದು, ಪೇಟೆಯಿಂದ ಒಬ್ಬ ಅಕ್ಕಸಾಲಿ ಆಚಾರಿಯನ್ನು ಕರೆಸಿದರು. ಆತ ಬಾಟಲಿಯನ್ನು ಬಿಸಿಲಿಗೆ ಹಿಡಿದ, ಅಲ್ಲಾಡಿಸಿದ, ಕಣ್ಣು ಕಿರಿದು ಮಾಡಿದ. ನಂತರ ಬೆರಳು ಅದ್ದಿ, ನಾನು “ಬ್ಯಾಡ ಆಚಾರ್ರೇ!” ಎನ್ನುವಷ್ಟರಲ್ಲಿ, ನಾಲಿಗೆಯ ತುದಿಗೆ ಮುಟ್ಟಿಸಿದ. ಕಣ್ಣು ಮುಚ್ಚಿ ಗಂಭೀರವಾಗಿ ತೀರ್ಪು ಕೊಟ್ಟ.

“ಉಪ್ಪೈತೆ. ಆಸಿಡ್ ಐತೆ. ಚಿನ್ನಾನೂ ಐತೆ ಸಾಮಿ! ಒಳ್ಳೇ ಮಾಲು!”

ಜನ ‘ಓ’ ಎಂದರು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸ್ವಲ್ಪ ಹೆಮ್ಮೆಯಾಯಿತು!

“ಒಪ್ಕೊಂಡ್ಬುಡು” ಎಂದ ದಫೇದಾರ. ನಾನು ಯೋಚಿಸಿದೆ. ಒಪ್ಪಿಕೊಂಡರೆ ಜೈಲು, ಕೆಲಸಕ್ಕೆ ಸಂಚಕಾರ. ಆದರೆ ನಮ್ಮೂರಿನಲ್ಲಿ ಚಿನ್ನ ಕದ್ದವನಿಗೆ ಒಂದು ಗತ್ತಿತ್ತು. ಕದ್ದು ಸಿಕ್ಕಿಬಿದ್ದು ಬಂದವನಿಗೆ ಟೀ ಅಂಗಡಿಯಲ್ಲಿ ಎದ್ದು ಜಾಗ ಬಿಡುತ್ತಿದ್ದರು, ಅವನ ಮನೆಯ ಹೆಣ್ಣು ತರಲು ಸಾಲು ನಿಲ್ಲುತ್ತಿದ್ದರು. ಕಾಯಿಲೆಯ ಗಂಡಸಿಗೆ ಯಾರು ಜಾಗ ಬಿಡುತ್ತಾರೆ? ಕಳ್ಳ ಎನ್ನಿಸಿಕೊಂಡರೂ ಗಂಡಸು ಎಂದಾದರೂ ಉಳಿಯುತ್ತೇನೆ! ನಾನು ಕೈ ಮುಂದೆ ಚಾಚಿದೆ. “ಬೇಡಿ ಆಕಿ ಸಾರ್” ಅಂದೆ.

“ಸರಿ. ಇವನ ಮನೆ ಶೋಧ್ನೆ ಮಾಡಿ, ಇವನ್ ಎಂಡ್ತೀನೂ ಎಳ್ಕೊಂಡ್ ಬನ್ರಿ!”

ಅಲ್ಲಿಗೆ ನನ್ನ ಗತ್ತು ಮುಗಿಯಿತು. ಏನೂ ಅರಿಯದ ಆ ಹೆಂಗಸನ್ನು ಪೊಲೀಸರು ಬೀದಿಯಲ್ಲಿ ನಡೆಸುವುದನ್ನು ನೆನೆದು, ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡೆ.

“ಸಾರ್! ಅದು ಚಿನ್ನ ಅಲ್ಲ! ಅದು ನನ್ನ ಉಚ್ಚೆ!”

ಆಚಾರಿ ಹೊರಗಿನ ನಲ್ಲಿಯ ಕಡೆ ಓಡಿದ ವೇಗಕ್ಕೆ ಅವನ ಶಲ್ಯ ಒಳಗೇ ಉಳಿಯಿತು.

ದಫೇದಾರ ನಂಬಲಿಲ್ಲ. “ಉಚ್ಚೇನ ಯಾವನ್ಲಾ ಟಿಕೆಟ್ ತಗೊಂಡು ರೈಲ್ನಾಗೆ ತರ್ತಾನೆ?” ಎಂದ. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಡಾಕ್ಟರರನ್ನು ಕರೆಸಿದರು. ಆ ಮಹಾನುಭಾವರು ಬಾಗಿಲಲ್ಲೇ ನಿಂತು ತಮಟೆ ಬಾರಿಸಿದರು.

“ಇವರು ನನ್ನ ಪೇಷೆಂಟು! ಗಂಡಸಿನ ಹಾರ್ಮೋನು ಕಡಿಮೆಯಿದೆಯೋ ಅಂತ ಪರೀಕ್ಷೆ! ಯಾರ್ರೀ ಇದರೊಳಗೆ ಬೆರಳು ಅದ್ದಿದ್ದು? ಎಲ್ಲಾ ಹಾಳು! ಮತ್ತೆ ಮೊದಲಿಂದ ಹಿಡ್ಕೊಂಡು ಬರಬೇಕು! ನಾನು ಕೊಟ್ಟ ಬಾಟಲೀಲಿ!”

ಜನ ನಕ್ಕರು. ಪೆರುಮಾಳ್ ಮಾತ್ರ ನಗಲಿಲ್ಲ. ಅವನಿಗೆ ನಗಲು ಪುರುಸೊತ್ತಿರಲಿಲ್ಲ. ವಾಪಸು ಹೊರಟ ರೈಲಿಗೆ ಓಡುತ್ತಿದ್ದ!

ಮರುಪರೀಕ್ಷೆಯಾಯಿತು, ಮದ್ರಾಸಿನಿಂದ ‘ಕಡಿಮೆ’ ಎಂದೇ ಉತ್ತರ ಬಂತು, ಸೂಜಿಯೂ ಶುರುವಾಯಿತು. ಪ್ರತಿ ಸಲವೂ ಡಾಕ್ಟರರು ರಕ್ತದೊತ್ತಡ ನೋಡಿ, ತೂಕ ನೋಡಿ, ಹತ್ತು ಪ್ರಶ್ನೆ ಕೇಳಿಯೇ ಆ ಎಣ್ಣೆಯಂಥ ಮದ್ದನ್ನು ಚುಚ್ಚುತ್ತಿದ್ದರು. ನಾನು ಹುಲಿಯಾಗಲಿಲ್ಲ, ಮೆಟ್ಟಿಲು ಹತ್ತುವ ಮನುಷ್ಯನಾದೆ. ಒಂದು ದಿನ ಅದೇ ದಫೇದಾರ ದವಾಖಾನೆಯ ಹಿಂದಿನ ಬಾಗಿಲಲ್ಲಿ ಟೋಪಿ ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ. ನನ್ನನ್ನು ನೋಡಿ ಆಕಾಶ ನೋಡಿದ. ಅದೆಲ್ಲ ಆಮೇಲಿನ ಮಾತು.

ಆ ಸೋಮವಾರ ಸಂಜೆ ನಾನು ಉರಿಗಾಮಿನಲ್ಲಿ ಇಳಿದಾಗ ಸುದ್ದಿ ಮೊದಲೇ ಇಳಿದಿತ್ತು. ಟೀ ಅಂಗಡಿಯಲ್ಲಿ ಕೆಮ್ಮು, ನಲ್ಲಿಯ ಹತ್ತಿರ ಸೆರಗಿನ ಮರೆಯ ನಗು. ತಲೆ ತಗ್ಗಿಸಿಕೊಂಡು ಮನೆಗೆ ಬಂದರೆ, ನಾರಾಯಣಮ್ಮ ಒಲೆಯ ಮುಂದೆ ಒಬ್ಬಟ್ಟು ಬೇಯಿಸುತ್ತಿದ್ದಳು!

“ಯಾವ ಹಬ್ಬ ಇವತ್ತು?” ಅಂದೆ.

ಅವಳು ಕಣ್ಣೊರೆಸಿಕೊಂಡಳು. “ರಜಾ ಆಕಿ ಆಕಿ ಬಂಗಾರಪೇಟೆಗೆ ಓಗ್ತಿದ್ರಿ. ಮನೆಗ್ ಬಂದ್ರೆ ಗೋಡೆ ಕಡೆ ತಿರುಗ್ತಿದ್ರಿ. ಅಲ್ಲಿ ಯಾವಳನ್ನೋ ಮಡಿಕ್ಕಂಡವ್ರೆ ಅಂತ ಅತ್ತು ಅತ್ತು ನಂಗೆ ಸಾಕಾಗೋಗಿತ್ತು ಕಣ್ರೀ. ಬರೀ ಕಾಯ್ಲೆ ಅಂತ ಮೊದ್ಲೇ ಯೋಳ್ಬಾರ್ದಾಗಿತ್ತಾ?”

ಇವಳನ್ನು ಇಷ್ಟು ಅಳಿಸಿದೆನಲ್ಲ ಎಂದು ನಿಜವಾಗಿ ದುಃಖವಾಯಿತು. ಏನಾದರೂ ಹೇಳಬೇಕು ಎನ್ನುವಷ್ಟರಲ್ಲಿ ಅವಳು ತಟ್ಟೆ ತುಂಬ ಒಬ್ಬಟ್ಟು ಹೊತ್ತು ಬೀದಿಗೆ ಹೊರಟೇಬಿಟ್ಟಳು. ಮೊದಲು ಪೆರುಮಾಳನ ಮನೆ. ಆಮೇಲೆ ಸಾಲಿನ ಎಲ್ಲಾ ಮನೆ. ಅವಳ ದನಿ ಪ್ರತಿ ಬಾಗಿಲಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು.

“ತಗೋಳಮ್ಮ, ಬಾಯಿ ಸೀ ಮಾಡ್ಕೊ! ನಮ್ಮೆಜಮಾನ್ರಿಗೆ ಯಾವ್ ಎಂಗ್ಸೂ ಇಲ್ವಂತೆ! ಅವ್ರ ಕೈಲಿ ಆಗಲ್ವಂತೆ! ಡಾಕ್ಟ್ರೇ ಯೋಳವ್ರೆ!”

ನಾನು ಒಳಗೆ ಕುಳಿತು ಮೀಸೆ ಮುಟ್ಟಿ ನೋಡಿಕೊಂಡೆ. ಆಮೇಲೆ ಉಳಿದಿದ್ದ ಎರಡು ಒಬ್ಬಟ್ಟು ತಿಂದೆ. ತುಪ್ಪ ಧಾರಾಳವಾಗಿ ಹಾಕಿದ್ದಳು.